‘ಗಡ’ ಇಲ್ಲದ ಸಾಕ್ಷಿ

ಹೋದ ವಾರ ಕುಂದಾಪುರದ ಕೋರ್ಟಿನಲ್ಲಿ ಒಂದು ಬೇಲಿಯ ಮೊಕದ್ದಮೆ ನಡೆಯುತ್ತಿತ್ತು. ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಅಮಾಸೆಬೈಲಿನ ಹಿರಿಯರೊಬ್ಬರು ‘ಬೆಳ್ಗಾಪತಿಗೆ ಬೇಲಿ ಕಿತ್ ಹಾಕ್ರ್ ಗಡ’ ಎಂದರು. ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ನ್ಯಾಯಾಧೀಶರಿಗೆ ಬೆಳಗಾಗುವ ಹೊತ್ತಿಗೆ ಬೇಲಿ ಕಿತ್ತು ಹಾಕಿದ್ದು ಹೇಗೋ ಅರ್ಥವಾಯಿತು. ಅವರು ಪೆನ್ನು ಎತ್ತಿ, ಈ ಗಡ ಎಂಬುವರು ಯಾರು, ಅವರನ್ನೂ ಸಾಕ್ಷಿ ಮಾಡಿದ್ದೀರೋ ಇಲ್ಲವೋ ಎಂದು ವಿಚಾರಿಸಿದರು. ನಗುವ ಹಾಗಿಲ್ಲ, ನಗದೆ ಇರುವ ಹಾಗೂ ಇಲ್ಲ. ಇಂಥ ಸಂಕಟದ ಕೆಲಸಕ್ಕೆಂದೇ ನನ್ನಂಥ ಜೂನಿಯರ್ ವಕೀಲರನ್ನು ಇಟ್ಟುಕೊಂಡಿರುತ್ತಾರೆ. ನಾನು ಎದ್ದು ನಿಂತು, ‘ಸ್ವಾಮಿ, ಗಡ ಮನುಷ್ಯರಲ್ಲ. ಗಡ ಅಂದರೆ ಅಂತೆ’ ಎಂದು ಬಿನ್ನವಿಸಿದೆ.

ಆದರೆ ಅದು ಬರೀ ‘ಅಂತೆ’ ಅಲ್ಲ. ನಾನು ಕಂಡಿಲ್ಲ, ಯಾರೋ ಹೇಳಿದ್ದು, ನಾಳೆ ಸುಳ್ಳಾದರೆ ನನ್ನ ಕುತ್ತಿಗೆಗೆ ಬರಬೇಡಿ ಎಂಬಷ್ಟು ದೊಡ್ಡ ಜಾಮೀನನ್ನು ನಮ್ಮವರು ಆ ಎರಡು ಅಕ್ಷರಗಳಲ್ಲಿ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕಂಡದ್ದಕ್ಕೆ ಗಡ ಹಾಕುವುದಿಲ್ಲ. ಕೇಳಿದ್ದಕ್ಕೆ ಗಡ ಹಾಕದೆ ಬಿಡುವುದಿಲ್ಲ. ಸಾಕ್ಷ್ಯ ಕಾಯಿದೆಯನ್ನು ನಾನು ಓದಿದ್ದು ಕಾಲೇಜಿನಲ್ಲಾದರೂ ಕಲಿತದ್ದು ಅಮ್ಮಮ್ಮನ ಮಡಿಲಲ್ಲಿ.

ಅಮ್ಮಮ್ಮನಿಗೆ ಭೂತಪ್ರೇತಗಳ ದೊಡ್ಡ ಬಳಗವಿತ್ತು. ಹೊಳೆ ಬದಿಯ ದಾರಿಯಲ್ಲಿ ನಡುಮಧ್ಯಾಹ್ನ ಕೂತು ತಲೆ ಬಾಚುವ ಹೆಂಗಸು, ಬೆನ್ನ ಹಿಂದಿನಿಂದ ಒಂದೇ ಒಂದು ಸಲ ‘ಹ್ವಾಯ್’ ಎಂದು ಕರೆದು ಸುಮ್ಮನಾಗುವ ದನಿ. ಮನುಷ್ಯರಾದರೆ ಎರಡನೆಯ ಸಲ ಕರೆಯುತ್ತಾರಂತೆ, ಅದಕ್ಕಾಗಿ ಮೊದಲನೆಯ ಕರೆಗೆ ಓಗೊಡಬಾರದಂತೆ. ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದದ್ದು ದೆವ್ವಕ್ಕಲ್ಲ, ವಾಕ್ಯದ ಕೊನೆಗೆ. ‘ಆ ಹೆಂಗ್ಸಿನ್ ಪಾದ ಹಿಂದ್ಮುಂದ್ ಇದ್ದಿತ್ ಗಡ’ ಎಂದು ಬಂತೋ, ಮುಗಿಯಿತು. ‘ನೀನ್ ಕಂಡದ್ದಾ ಅಮ್ಮಮ್ಮ?’ ಎನ್ನುತ್ತಿದ್ದೆ. ಅವಳು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, ಇಂಥ ಮೊಮ್ಮಗಳು ಯಾರಿಗೂ ಬೇಡ ಎಂಬಂತೆ ನೋಡುತ್ತಿದ್ದಳು. ಲೋಕದ ದೆವ್ವಗಳೆಲ್ಲ ಗಡ ಎಂಬ ಒಂಟಿಗಾಲಿನ ಮೇಲೆ ನಿಂತಿವೆ, ಅದೊಂದನ್ನು ಎಳೆದರೆ ಎಲ್ಲವೂ ಬೀಳುತ್ತವೆ ಎಂದು ಆ ವಯಸ್ಸಿಗೇ ನನಗೆ ಖಚಿತವಾಗಿತ್ತು. ಮುಂದೆ ಶಾಲೆ, ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಇದೇ ವಿದ್ಯೆಯಿಂದ ಎದುರಾಳಿಗಳನ್ನು ಕೆಡವಿ ಕಪ್ಪುಗಳನ್ನು ಗೆದ್ದು ತಂದೆ. ಅಮ್ಮ ಅವುಗಳಲ್ಲಿ ಸೇಫ್ಟಿಪಿನ್ನು, ಗುಂಡಿ, ರಬ್ಬರ್‌ಬ್ಯಾಂಡು ಹಾಕಿಡುತ್ತಿದ್ದಳು.

ಈಗ ಹೇಳಬೇಕೆಂದಿರುವುದು ಆ ಅಮ್ಮನ ವಿಷಯ. ಅದನ್ನು ನಾನು ಇದುವರೆಗೆ ಯಾರ ಎದುರೂ ವಾದಕ್ಕೆ ಇಟ್ಟಿಲ್ಲ. ಕಾರಣ ಇಷ್ಟೇ: ಅದರಲ್ಲಿ ಎಲ್ಲಿ ಹುಡುಕಿದರೂ ಒಂದೇ ಒಂದು ಗಡ ಸಿಗುವುದಿಲ್ಲ.

ಅಮ್ಮ ಬ್ಯಾಂಕಿನ ಕೌಂಟರಿನಲ್ಲಿ ಕೂತು ಅರ್ಧ ಆಯುಷ್ಯ ಕಳೆದವಳು. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ಒಂದು ಸಂಜೆ, ಸಾಕಾಯಿತು, ಸ್ವಯಂನಿವೃತ್ತಿಗೆ ಬರೆದುಕೊಟ್ಟು ಬಂದೆ ಎಂದಳು. ಈ ವಯಸ್ಸಿಗೆ ಕೆಲಸ ಬಿಟ್ಟವರು ಮಂಕಾಗುತ್ತಾರೆ ಎಂಬುದನ್ನು ಮಂಡಿಸಿ ನಾನು ಊಟದ ಹೊತ್ತು ಪೂರ್ತಿ ವಾದಿಸಿದೆ. ಅವಳು ಸಾರು ಬಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ವಾದ ಮುಗಿದಾಗ ಸಾರೂ ಮುಗಿದಿತ್ತು.

ಮೊದಮೊದಲು ನಾನೇ ಗೆದ್ದಂತೆ ಕಂಡಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಅಮ್ಮ ಊಟದ ಮೇಜಿನ ಒಂದು ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಸುಮ್ಮನೆ ಕೂತಿರುತ್ತಿದ್ದಳು. ಒಂದು ದಿನ ನಾನು ಕೋರ್ಟಿಗೆ ಹೊರಡುವಾಗ, ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತ, ಸಾವಧಾನದ ದನಿಯಲ್ಲಿ ‘ನೆಕ್ಸ್ಟ್’ ಎಂದಳು. ಕುರ್ಚಿಯಲ್ಲಿ ಯಾರಿದ್ದರೋ ಅವರು ಎದ್ದು ಹೋಗಿರಬೇಕು ಎಂಬಂತೆ ಅವಳು ಸ್ವಲ್ಪ ಹೊತ್ತು ಕಾದಳು.

ಅದರ ಮಾರನೆಯ ದಿನ ಸೈಕಲ್ ಬಂತು. ಗೇರು ಗೀರು ಏನೂ ಇಲ್ಲ. ಮುಂದೊಂದು ಬುಟ್ಟಿ, ಒತ್ತಿದರೆ ಟ್ರಿಣ್‌ಟ್ರಿಣ್ ಎನ್ನುವ ಬೆಲ್ಲು. ಅಮ್ಮ ಕೇಸರಿ ಬಣ್ಣದ ವೇಲನ್ನು ಸೊಂಟಕ್ಕೆ ಬಿಗಿದು, ಬಿಳಿ ಟೊಪ್ಪಿ ಇಟ್ಟು ಹೊರಟಳು. ಪೇಟೆಯಲ್ಲಿ ಎಲ್ಲರಿಗೂ ಮರುಕ. ‘ಎಂತ ಮೇಡಂ, ಸ್ಕೂಟಿ ಹಾಳಾಯ್ತಾ?’ ಎಂದು ಕೇಳುವವರೇ. ಹೆಂಗಸು ಸುಮ್ಮನೆ ಖುಷಿಗೆ ಸೈಕಲ್ ಬಿಡಬಹುದು ಎಂಬುದು ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ. ಮೊದಲು ಸೇತುವೆ ದಾಟಿ ತಲ್ಲೂರು, ಆಮೇಲೆ ಹೆಮ್ಮಾಡಿ, ತ್ರಾಸಿ, ಕೊನೆಗೆ ಮರವಂತೆ. ಹೋದಲ್ಲೆಲ್ಲ ನಿಂತು ಮಾತಾಡಿ, ಬುಟ್ಟಿಯಲ್ಲಿ ಬಸಳೆಯ ಕಟ್ಟೋ ಬಂಗುಡೆ ಮೀನೋ ಹಾಕಿಕೊಂಡು, ಕೆಂಪು ಮುಖ ಮಾಡಿಕೊಂಡು ಬರುತ್ತಿದ್ದಳು. ಖಾಲಿ ಕುರ್ಚಿಯ ಜೊತೆಗಿನ ವ್ಯವಹಾರ ನಿಂತಿತು. ಫೋನನ್ನು ಮಾತ್ರ ಕೊಂಡುಹೋಗುತ್ತಿರಲಿಲ್ಲ. ಅಷ್ಟು ವರ್ಷ ಬೇಕುಬೇಕೆಂದವರ ಕೈಗೆ ಸಿಕ್ಕಿದ್ದು ಸಾಕು ಎನ್ನುತ್ತಿದ್ದಳು.

ಅವಳ ಕಣ್ಣಿದ್ದದ್ದು ಬೈಂದೂರಿನ ಮೇಲೆ. ಬ್ಯಾಂಕಿನಲ್ಲಿ ಅವಳ ಬೆನ್ನ ಹಿಂದೆ ಒಂದು ಕಿಟಕಿ, ಕಿಟಕಿಯಾಚೆ ಬಸ್ಸು ನಿಲ್ಲುವ ಜಾಗ. ದಿನವಿಡೀ ಕಂಡಕ್ಟರುಗಳು ‘ಬೈಂದೂರ್ ಬೈಂದೂರ್ ಬೈಂದೂರ್’ ಎಂದು ಕೂಗುವುದು ಅವಳ ಕಿವಿಗೆ ಬೀಳುತ್ತಿತ್ತು. ಯಾರೋ ಹೆಸರು ಹಿಡಿದು ಕರೆದಂತೆ, ತನ್ನನ್ನು ಬಿಟ್ಟು ಉಳಿದವರೆಲ್ಲ ಹೋದಂತೆ. ಬೈಂದೂರಿನ ಮೇಲೆ ಹಾದುಹೋಗಿದ್ದಾಳೆ, ಇಳಿದದ್ದಿಲ್ಲ. ‘ಅಷ್ಟ್ ಕರದ್ ಊರಿಗೆ ಒಂದ್ಸಲ ನನ್ನ ಕಾಲಗೇ ಹೊಯ್ಕ್’ ಎನ್ನುತ್ತಿದ್ದಳು. ತನ್ನ ಕಾಲಿನ ಬಲದಲ್ಲೇ ಹೋಗಬೇಕು ಎಂದು. ಮೊಣಕಾಲು ಆಗಲೇ ಕಟಕಟ ಎನ್ನಲು ಶುರುವಾಗಿತ್ತು. ಕಾಲು ಕೈಕೊಡುವುದರೊಳಗೆ ಬೈಂದೂರು ಮುಟ್ಟಬೇಕು ಎಂಬುದೊಂದೇ ಅವಳ ಹಠ. ಪ್ರತಿ ಸಲವೂ ಮರವಂತೆಯಲ್ಲಿ ಕಾಲು ಸೋತು ತಿರುಗಿ ಬರುತ್ತಿದ್ದಳು.

ನನ್ನನ್ನೂ ಕರೆಯುತ್ತಿದ್ದಳು. ಒಟ್ಟಿಗೆ ಒಬ್ಬರಿದ್ದರೆ ಮರವಂತೆ ದಾಟಬಹುದು ಎಂದು ಅವಳ ಲೆಕ್ಕ. ನನಗೆ ಸೈಕಲ್ ಬರುವುದಿಲ್ಲ. ಚಿಕ್ಕಂದಿನಲ್ಲಿ ಮೈದಾನದಲ್ಲಿ ಬಿದ್ದು, ಎರಡು ಚಕ್ರದ ಮೇಲೆ ಮನುಷ್ಯ ನಿಲ್ಲುವುದು ತರ್ಕಕ್ಕೆ ವಿರುದ್ಧ ಎಂದು ತೀರ್ಮಾನಿಸಿದವಳು ನಾನು. ಈ ವಾದವನ್ನು ಮಂಡಿಸಿದಾಗ ಅಮ್ಮ, ನಿನ್ನ ಸ್ಕೂಟಿಗೆ ಎಂತ ನಾಲ್ಕು ಚಕ್ರವಾ ಎಂದು ಕೇಳಿದಳು. ಅದಕ್ಕೂ ನಾನು ಉತ್ತರ ಕೊಟ್ಟೆ. ಎಂತ ಉತ್ತರ ಎಂಬುದು ನೆನಪಿಲ್ಲ. ಉದ್ದವಿತ್ತು.

ಇನ್ನೊಂದು ಸಂಗತಿ. ನಮ್ಮ ಕಡೆ ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳುವ ಕ್ರಮವಿಲ್ಲ. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ‘ದೂರ ಹೊರಟದ್ದಾ?’ ಎನ್ನಬೇಕು. ಅವರು ‘ಇಲ್ಲೇ’ ಎನ್ನಬೇಕು. ಕಾಶಿಗೆ ಹೊರಟವರೂ ಇಲ್ಲೇ, ಕಾಯಿ ತರಲು ಹೊರಟವರೂ ಇಲ್ಲೇ. ನಾನು ಹುಡುಗಿಯಾಗಿದ್ದಾಗ ಪರೀಕ್ಷೆ ಮಾಡಲೆಂದೇ ‘ಎಲ್ಲಿಗೆ’ ಎಂದು ಕೇಳಿದ್ದಕ್ಕೆ ಅಪ್ಪಯ್ಯ ಚಪ್ಪಲಿ ಕಳಚಿ, ಒಳಗೆ ಬಂದು, ನೀರು ಕುಡಿದು, ಸ್ವಲ್ಪ ಕೂತು, ಮತ್ತೆ ಹೊಸದಾಗಿ ಹೊರಟಿದ್ದರು. ಬಸ್ಸು ಅವರಿಗಾಗಿ ಕಾಯಲಿಲ್ಲ. ‘ಎಲ್ಲಿಗೆ’ ಎಂದು ಕೇಳಿದರೆ ಕೆಲಸ ಕೆಡುತ್ತದೆ ಎಂಬುದು ಹೀಗೆ ಪುನಃ ಸಾಬೀತಾಯಿತು.

ಆ ಭಾನುವಾರವೂ ಅಮ್ಮ ಹೊರಟಾಗ ಅಪ್ಪಯ್ಯ ಜಗಲಿಯಿಂದ, ದೂರ ಹೊರಟದ್ದಾ ಎಂದರು. ಅಮ್ಮ, ಇಲ್ಲೇ ಎಂದಳು. ಬೆಲ್ಲು ಟ್ರಿಣ್‌ಟ್ರಿಣ್ ಎಂದಿತು. ಮಳೆಗಾಲ ಕಳೆದು ಬಿಸಿಲು ಚುರುಕಾದ ದಿನಗಳು. ತಿಂಡಿಯ ಹೊತ್ತಿಗೆ ಬರಬೇಕಾದವಳು ಬರಲಿಲ್ಲ. ಮಧ್ಯಾಹ್ನದ ಗಂಜಿಯ ಹೊತ್ತಾಯಿತು, ಬರಲಿಲ್ಲ. ಅಪ್ಪಯ್ಯ ಗೇಟಿನವರೆಗೆ ಹೋಗಿ ಬಂದರು. ಮತ್ತೆ ಹೋದರು. ಮೂಲೆಯಲ್ಲಿ ಚಾರ್ಜಿಗಿಟ್ಟಿದ್ದ ಅಮ್ಮನ ಫೋನು ಒಂದು ಸಲ ಮಿಣುಕಿ ಆರಿತು. ಅವಳು ಯಾವ ದಿಕ್ಕಿಗೆ ಹೋಗಿದ್ದಾಳೆ ಎಂಬುದು ನಮ್ಮಿಬ್ಬರಿಗೂ ಗೊತ್ತಿಲ್ಲವೆಂದು ಆಗ ಹೊಳೆಯಿತು. ಮನೆ ತುಂಬ ಶಾಸ್ತ್ರ ತಿಳಿದವರಿದ್ದೆವು, ವಿಳಾಸ ತಿಳಿದವರಿರಲಿಲ್ಲ.

ಬಡಗು ದಿಕ್ಕಿಗೇ ಹೋಗಿರಬೇಕು, ದಿನಾ ಅಲ್ಲಿಗೇ ಅಲ್ಲವೇ ಎಂದು ಸ್ಕೂಟಿ ಹತ್ತಿದೆ.

ತಲ್ಲೂರಿನಲ್ಲಿ ಹೆದ್ದಾರಿ ಬದಿಗೆ ಒಂದು ಪಂಕ್ಚರ್ ಅಂಗಡಿ. ಅಮ್ಮ ಗಾಳಿ ಹಾಕಿಸುವುದು ಅಲ್ಲೇ. ಟಯರಿನೊಳಗೆ ಕೈ ಹಾಕಿ ಕೂತಿದ್ದ ಅಂಗಡಿಯವರನ್ನು ವಿಚಾರಿಸಿದೆ. ತಲೆ ಎತ್ತದೆಯೇ, ‘ಈಗಳೇ ಹೋರಲೆ’ ಎಂದರು. ಈಗಷ್ಟೇ ಹೋದರಲ್ಲ ಎಂದು. ನನ್ನ ಎದೆ ಹಗುರಾಯಿತು. ಇನ್ನೇನು ಸಿಕ್ಕಿಯೇ ಬಿಟ್ಟಳು, ಸಿಕ್ಕಿದ ಕೂಡಲೇ ಬೈಯಬೇಕಾದ ಮಾತುಗಳನ್ನು ಜೋಡಿಸುತ್ತ ಹೆಮ್ಮಾಡಿ ಮುಟ್ಟಿದೆ.

ಹೆಮ್ಮಾಡಿಯಲ್ಲಿ ಸೇವಂತಿಗೆ ಕಟ್ಟುವ ಹೆಂಗಸೊಬ್ಬಳು ಅಮ್ಮನ ಗೆಳತಿ. ‘ಈಗಳೇ ಹೋರ್’ ಎಂದಳು ಅವಳೂ. ಇಲ್ಲಿ ನನ್ನೊಳಗಿನ ವಕೀಲೆ ಎಚ್ಚೆತ್ತಳು. ಹೋದದ್ದು ಬೆಳಬೆಳಗ್ಗೆ. ಸೈಕಲ್ಲಿನವಳು ಇಷ್ಟು ಹೊತ್ತಾದರೂ ಹೆಮ್ಮಾಡಿಯಲ್ಲೇ ಇರಲು ಹೇಗೆ ಸಾಧ್ಯ? ಈಗಳೇ ಎಂದರೆ ಎಷ್ಟು ಹೊತ್ತಾಯಿತು ಎಂದು ಒತ್ತಿ ಕೇಳಿದೆ. ಅವಳು ಕೈಯಲ್ಲಿದ್ದ ಮಾಲೆಯನ್ನು ಎತ್ತಿ ತೋರಿಸಿದಳು. ಅವರು ದಾಟಿ ಹೋಗುವಾಗ ಇದಕ್ಕೆ ಮೊದಲ ಗಂಟು ಹಾಕಿದ್ದು ಎಂದಳು. ಮಾಲೆ ಒಂದು ಗೇಣೂ ಆಗಿರಲಿಲ್ಲ.

ಸರಿ, ಮುಂದೆ. ಹಾದಿಯುದ್ದಕ್ಕೂ ಕಣ್ಣಾಡಿಸುತ್ತ ಬಂದೆ. ತ್ರಾಸಿ ದಾಟಿ ಮರವಂತೆ. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ರಸ್ತೆ. ಅಲ್ಲಿ ಸೈಕಲ್ಲು ಅಡಗಿಕೊಳ್ಳಲು ಒಂದು ಗಲ್ಲಿಯೂ ಇಲ್ಲ. ಬಿಸಿಲಿಗೆ ಡಾಂಬರು ನೀರಿನ ಹಾಗೆ ತೇಲುತ್ತಿತ್ತು. ದೂರದಲ್ಲಿ, ಆ ನೀರಿನ ಮೇಲೆ, ಒಂದು ಕೇಸರಿ ಚುಕ್ಕೆ. ಸ್ಕೂಟಿಯ ವೇಗ ಹೆಚ್ಚಿಸಿದೆ. ಚುಕ್ಕೆ ದೊಡ್ಡದಾಗಲಿಲ್ಲ, ಚಿಕ್ಕದೂ ಆಗಲಿಲ್ಲ. ಇದು ಬಿಸಿಲ್ಗುದುರೆ, ಕಾದ ಗಾಳಿಯಲ್ಲಿ ಬೆಳಕು ಬಾಗುವುದರ ಫಲ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಹೈಸ್ಕೂಲಿನಲ್ಲಿ ಇದಕ್ಕೆ ಚಿತ್ರ ಬರೆದು ಅಂಕ ಪಡೆದಿದ್ದೇನೆ. ಆಗ ಬೆನ್ನ ಹಿಂದೆ ಟ್ರಿಣ್‌ಟ್ರಿಣ್ ಎಂದಿತು.

ಹಿಂದೆ ತಿರುಗಲಿಲ್ಲ, ಕನ್ನಡಿಯಲ್ಲಿ ನೋಡಿದೆ. ಕನ್ನಡಿಯಲ್ಲಿ ರಸ್ತೆ ಖಾಲಿ ಇತ್ತು, ಸಮುದ್ರ ಇತ್ತು. ಹೆಲ್ಮೆಟ್ಟಿನ ಪಟ್ಟಿಯ ಕೊಂಡಿ ಗಾಳಿಗೆ ಅಲುಗಿ ಹಾಗೆ ಸದ್ದು ಮಾಡುವುದುಂಟು. ಮುಂದೆ ಎಷ್ಟೋ ದಿನ ಅದೇ ಹೆಲ್ಮೆಟ್ ಹಾಕಿ, ಅದೇ ಪಟ್ಟಿ ಸಡಿಲ ಬಿಟ್ಟು ಓಡಾಡಿದ್ದೇನೆ. ಅದು ಪುನಃ ಆ ಸದ್ದು ಮಾಡಿಲ್ಲ. ಅಷ್ಟರಿಂದ ಏನೂ ಸಾಬೀತಾಗುವುದಿಲ್ಲ.

ಮರವಂತೆಯಲ್ಲಿ ಬೊಂಡ ಮಾರುವವರು, ನಮ್ಮಲ್ಲಿ ಎಳನೀರಿಗೆ ಬೊಂಡ ಎನ್ನುವುದು, ಈಗಳೇ ಕುಡಿದು ಹೋದರು, ಬೊಂಡದ ಓಡು ಇಲ್ಲೇ ಇದೆ ಎಂದು ಕಾಲಿನಿಂದ ತೋರಿಸಿದರು. ಕತ್ತರಿಸಿದ ಬಾಯಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಸುತ್ತಲಿನ ಹಳೆಯ ಓಡುಗಳಿಗೆಲ್ಲ ಇರುವೆ ಮುತ್ತಿತ್ತು, ಅದಕ್ಕೆ ಮುತ್ತಿರಲಿಲ್ಲ. ದಿನಾ ಇಲ್ಲಿಂದ ತಿರುಗುವವರು ಇವತ್ತು ತಿರುಗಲೇ ಇಲ್ಲ, ಬಡಗು ದಿಕ್ಕಿಗೇ ಹೋದರು ಎಂದು ಅವರಾಗಿಯೇ ಹೇಳಿದರು.

ಈ ಹೊತ್ತಿಗೆ ನೀವು ಹೇಳಲು ಹೊರಟಿರುವುದನ್ನು ನಾನು ಆಗಲೇ ಹೇಳಿಕೊಂಡಿದ್ದೆ. ದಿನಾ ಕಾಣುವುದನ್ನು ಜನ ಇವತ್ತೂ ಕಂಡೆವೆಂದೇ ಹೇಳುತ್ತಾರೆ. ನೋಡುವುದು ಕಣ್ಣಲ್ಲ, ರೂಢಿ. ಒಬ್ಬ ಸಾಕ್ಷಿಯಾದರೆ ಹೀಗೆ ಹೇಳಿ ಮುಗಿಸಬಹುದಿತ್ತು. ಪಂಕ್ಚರಿನವರಾಗಲಿ, ಹೂವಿನವಳಾಗಲಿ, ಬೊಂಡದವರಾಗಲಿ ಯಾರಾದರೂ ಒಬ್ಬರು, ಬಾಯಿತಪ್ಪಿಯಾದರೂ, ‘ಹೋರ್ ಗಡ’ ಎಂದಿದ್ದರೆ ನನಗೆ ಜೀವ ಬರುತ್ತಿತ್ತು. ಯಾರೂ ಅನ್ನಲಿಲ್ಲ.

ಕಿರಿಮಂಜೇಶ್ವರದಲ್ಲಿ ರಸ್ತೆ ಬದಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನವಳು ನಾನು ಕೇಳುವ ಮೊದಲೇ ಮಾತಾಡಿದಳು. ಅವಳನ್ನು ನಾನು ಕಂಡದ್ದಿಲ್ಲ. ಅಮ್ಮ ಇಷ್ಟು ದೂರ ಬಂದವಳೇ ಅಲ್ಲ.

‘ನೀವ್ ಸೈಕಲ್ ಅಮ್ಮನ್ ಮಗಳಾ?’ ಎಂದಳು. ‘ಮಗಳ್ ಹಿಂದ್ ಬತ್ತಾ ಇತ್, ನಾನ್ ಮುಂದ್ ಹೋತಾ ಇರ್ತೆ, ಹೇಳಿ ಅಂದ್ರ್.’

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಪ್ಪಯ್ಯ. ಅಮ್ಮ ಬಂದಳು ಎಂದರು. ಅವಳು ಹೋದದ್ದು ತೆಂಕು ದಿಕ್ಕಿಗೆ, ಬ್ರಹ್ಮಾವರದ ಕಡೆಗೆ. ಅಲ್ಲಿ ಮೊಣಕಾಲು ಹಿಡಿದುಕೊಂಡು, ಇಷ್ಟು ಹೊತ್ತೂ ಬಸ್ಸಿನ ತಂಗುದಾಣದಲ್ಲಿ ಕೂತಿದ್ದಳು. ಯಾರೋ ಪುಣ್ಯಾತ್ಮರು ಸೈಕಲ್ ಸಮೇತ ಟೆಂಪೋಕ್ಕೆ ಹಾಕಿಕೊಂಡು ಬಂದು ಬಿಟ್ಟುಹೋದರು. ಅಪ್ಪಯ್ಯನ ಮಾತಿನ ಹಿಂದೆ ಅಮ್ಮ ಕೆಮ್ಮಿದ್ದು ನನಗೆ ಚೆನ್ನಾಗಿ ಕೇಳಿಸಿತು.

‘ಅಕಾಣಿ’ ಎಂದಳು ಮೀನಿನವಳು, ಅಗೋ ನೋಡಿ ಎಂದು ಬಡಗು ದಿಕ್ಕಿಗೆ ಕೈ ಚಾಚಿ. ‘ಅಲ್ಲೇ ಹೋತಾ ಇದ್ರಲೆ.’

ಚರ್ಚೆಯಲ್ಲಿ ಪಳಗಿದ ಯಾರಾದರೂ ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ. ತಿರುಗಿ ನೋಡಬೇಕು. ನಾನು ನೋಡಲಿಲ್ಲ. ಅಮ್ಮ ಮನೆಯಲ್ಲಿ ಕೆಮ್ಮುತ್ತಿರುವಾಗ ಅಲ್ಲಿ ನೋಡುವುದಕ್ಕಾದರೂ ಏನಿದೆ? ಕಂಡರೆ ಯಾರನ್ನು ಕಂಡೆನೆಂದು ಹೇಳುವುದು? ಸ್ಕೂಟಿಯನ್ನು ಕುಂದಾಪುರಕ್ಕೆ ತಿರುಗಿಸಿದೆ. ಮೀನಿನವಳು ಆ ಕಡೆಗೆ ಕೈ ಬೀಸುತ್ತಿದ್ದದ್ದು ಸ್ವಲ್ಪ ಹೊತ್ತು ಕನ್ನಡಿಯಲ್ಲಿ ಕಾಣುತ್ತಿತ್ತು.

ಅಮ್ಮ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದಳು. ಮೊಣಕಾಲು ಊದಿ ಹಲಸಿನಕಾಯಿ ಆಗಿತ್ತು. ಅಪ್ಪಯ್ಯ ಎಣ್ಣೆ ಹಚ್ಚುತ್ತಿದ್ದರು. ಅಲ್ಲಿ ಯಾರದಾದರೂ ಫೋನಿನಿಂದ ಮಾತಾಡಬಾರದಿತ್ತಾ ಎಂದು ರೇಗಿದೆ. ಯಾರ ನಂಬರು ನನಗೆ ಬಾಯಿಪಾಠ ಇದೆ ಎಂದಳು. ಇವತ್ತು ಎದುರುಗಾಳಿ ಎಂದು ತೆಂಕು ದಿಕ್ಕಿಗೆ ತಿರುಗಿಸಿದಳಂತೆ, ಅಷ್ಟೇ.

ಡಾಕ್ಟರು ಹೆದರಿಸಲಿಲ್ಲ. ಮನೆ ಸುತ್ತ ಅಡ್ಡಿಲ್ಲ, ಪೇಟೆಗೆ ಹೋಗಿ ಬಂದರೂ ಅಡ್ಡಿಲ್ಲ, ದೂರದ ಸವಾರಿ ಇನ್ನು ಬೇಡ ಎಂದರು. ಅಮ್ಮ ಆಯಿತು ಎಂದಳು. ಮನೆಗೆ ಬಂದು ಸೈಕಲ್ಲನ್ನು ಹಳೆ ಬನಿಯನ್ನಿನಿಂದ ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಮೆಟ್ಟಿಲ ಅಡಿಯಲ್ಲಿ ನಿಲ್ಲಿಸಿದಳು. ಒಂದೆರಡು ದಿನ ಕಳೆದು ನೋಡುತ್ತೇನೆ, ಊಟದ ಮೇಜಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ. ಅವಳು ಇನ್ನೇನು ‘ನೆಕ್ಸ್ಟ್’ ಎನ್ನುತ್ತಾಳೆ ಎಂದು ನನಗೆ ಭಯವಾಯಿತು. ಅದನ್ನು ತಪ್ಪಿಸಲೆಂದೇ ನಾನು ಆ ಭಾನುವಾರದ ಕಥೆಯನ್ನು ಶುರು ಮಾಡಿದೆ. ನಮ್ಮ ಜನ ಎಂಥ ಸಾಕ್ಷಿಗಳು ಎಂಬ ತಮಾಷೆಯಾಗಿ, ಪಂಕ್ಚರ್ ಅಂಗಡಿಯಿಂದ ಹಿಡಿದು, ದನಿ ಬದಲಿಸಿ ಬದಲಿಸಿ ಹೇಳಿದೆ. ಅಮ್ಮ ನಗಲಿಲ್ಲ. ಮುಂದಕ್ಕೆ ಬಾಗಿ ಕೇಳಿದಳು.

‘ಕಡೆಗ್ ಕಂಡದ್ದ್ ಎಲ್ಲಿ?’

‘ಕಿರಿಮಂಜೇಶ್ವರ.’

‘ಅಲ್ಲಿಂದ್ ಮುಂದೆ?’

ಗೊತ್ತಿಲ್ಲ, ನಾನು ತಿರುಗಿ ಬಂದೆನಲ್ಲ ಎಂದೆ. ಅಮ್ಮನ ಮುಖ ಕೆಂಪಾಯಿತು. ಮಾರ್ಕು ಕಡಿಮೆ ತೆಗೆದಾಗಲೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ.

‘ಎಂತಕ್ ತಿರ್ಗಿ ಬಂದದ್ದ್? ಇನ್ನೊಂಚೂರ್ ಮುಂದ್ ಹೋಪುಕಾತಿರ್ಲಿಲ್ಯಾ?’

ನೀನು ಆಗ ಮನೆಯಲ್ಲಿದ್ದೆ, ಅಲ್ಲಿ ಮುಂದೆ ಹೋಗುತ್ತಿದ್ದವಳು ನೀನಾಗಿರಲು ಸಾಧ್ಯವಿರಲಿಲ್ಲ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ಅಮ್ಮನಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ತಾನು ಬೈಂದೂರು ಮುಟ್ಟಿದೆನೋ ಇಲ್ಲವೋ, ಅಷ್ಟು ಗೊತ್ತಾದರೆ ಅವಳಿಗೆ ಸಾಕಿತ್ತು. ಅಂದಿನಿಂದ ಅದೇ ಪ್ರಶ್ನೆ. ಕಾಯಿ ತುರಿಯುವಾಗ ತುರಿಮಣೆಯ ಮೇಲೆ ಕೂತಲ್ಲೇ ಕೈ ನಿಲ್ಲಿಸಿ, ಕಿರಿಮಂಜೇಶ್ವರದಿಂದ ಮುಂದೆ ಏರು ಇದೆಯಾ ಎಂದು ಕೇಳುತ್ತಿದ್ದಳು. ನಾನು ಕೋರ್ಟಿನಿಂದ ಬಂದರೆ ಚಹಾ ಕೊಡುತ್ತ, ಬೈಂದೂರಿನವರು ಯಾರಾದರೂ ಸಿಕ್ಕಿದ್ದರಾ ಎನ್ನುತ್ತಿದ್ದಳು. ಅವಳ ಬುದ್ಧಿಗೆ ಏನೂ ಆಗಿರಲಿಲ್ಲ. ಹಾಲಿನವನ ಲೆಕ್ಕ ತಪ್ಪುತ್ತಿರಲಿಲ್ಲ, ಅಪ್ಪಯ್ಯನ ಮಾತ್ರೆ ತಪ್ಪುತ್ತಿರಲಿಲ್ಲ. ಇದೊಂದನ್ನು ಮಾತ್ರ, ಯಾರದೋ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳ ಹಾಗೆ ಕಾಯುತ್ತಿದ್ದಳು.

ಮೊಕದ್ದಮೆಯನ್ನು ಮುಗಿಸಿಬಿಡುವುದೇ ಒಳ್ಳೆಯದು ಎಂದು ಒಂದು ರಜೆಯ ದಿನ ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬೈಂದೂರಿಗೆ ಹೊರಟೆ. ಅಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ, ಅಮ್ಮನಿಗೆ ಬೇಸರವಾಗುತ್ತದೆ, ಆದರೆ ವಿಷಯ ಇತ್ಯರ್ಥವಾಗುತ್ತದೆ ಎಂಬುದು ನನ್ನ ಲೆಕ್ಕ. ಅಮ್ಮ ಸೀರೆ ಉಟ್ಟಿದ್ದಳು. ಟೊಪ್ಪಿಯಿಲ್ಲ, ಕೇಸರಿ ವೇಲಿಲ್ಲ. ಕಿರಿಮಂಜೇಶ್ವರ ದಾಟುವಾಗ ನನ್ನ ಭುಜ ಹಿಡಿದಿದ್ದ ಕೈ ಬಿಗಿಯಾಯಿತು.

ಬೈಂದೂರಿನ ಬಸ್‌ಸ್ಟ್ಯಾಂಡಿನ ಹತ್ತಿರ, ಎಲ್ಲಾದರೂ ಕೂರಬೇಕೆಂದು, ಕಣ್ಣಿಗೆ ಬಿದ್ದ ಒಂದು ಶರಬತ್ತಿನ ಅಂಗಡಿಗೆ ಅವಳನ್ನು ಕರೆತಂದೆ. ಸ್ಕೂಟಿಯನ್ನು ಆಚೆ ತಿರುವಿನಲ್ಲೇ ನೆರಳಿಗೆ ಬಿಟ್ಟಿದ್ದೆ. ಅಂಗಡಿಯಲ್ಲಿದ್ದದ್ದು ಅಮ್ಮನದೇ ವಯಸ್ಸಿನ ಹೆಂಗಸು. ಲೋಟ ತೊಳೆಯುತ್ತಿದ್ದವಳು ತಲೆ ಎತ್ತಿ ಅಮ್ಮನನ್ನು ನೋಡಿ, ಬನ್ನಿ ಅಕ್ಕ, ಕೂತುಕೊಳ್ಳಿ ಎಂದಳು. ಆಮೇಲೆ, ಅವತ್ತು ಕುಡಿದದ್ದನ್ನೇ ಕೊಡಲಾ ಎಂದು ಕೇಳಿದಳು.

ಇದು ವ್ಯಾಪಾರದ ಮಾತು. ಹೊಸ ಗಿರಾಕಿಯನ್ನು ಹಳೆ ಗಿರಾಕಿ ಮಾಡುವ ಉಪಾಯ. ಹೀಗೆಂದು ಅಮ್ಮನ ಕಿವಿಯಲ್ಲಿ ಹೇಳಲು ಬಾಗಿದೆ. ಅಷ್ಟರಲ್ಲಿ ಅಮ್ಮ ಕೇಳಿಬಿಟ್ಟಿದ್ದಳು.

‘ಯಾವತ್ತ್?’

‘ಅದೇ, ಸೈಕಲ್ಲಗ್ ಬಂದಿರ್ಯಲೆ. ಭಾನುವಾರ.’

ಅಮ್ಮ ಬೆಂಚಿನ ಮೇಲೆ ಮೆಲ್ಲ ಕೂತಳು. ಅವಳ ಮುಖದಲ್ಲಿ ಹೆದರಿಕೆಯನ್ನು ಹುಡುಕಿದೆ, ಸಿಗಲಿಲ್ಲ. ಅಷ್ಟು ವರ್ಷ ಬೆನ್ನ ಹಿಂದಿನಿಂದ ಕೇಳುತ್ತಿದ್ದ ಆ ಕೂಗು, ‘ಬೈಂದೂರ್ ಬೈಂದೂರ್’, ಈಗ ಅಲ್ಲಿ ಕೇಳಿಸುತ್ತಿರಲಿಲ್ಲ. ಇಲ್ಲಿ ಕಂಡಕ್ಟರುಗಳು ಬೇರೆ ಊರುಗಳನ್ನು ಕರೆಯುತ್ತಿದ್ದರು. ಅಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ನಾನು ಆಗ ಒಬ್ಬಳೇ ಇದ್ದೆನಾ ಎಂದು ಕೇಳಿದಳು. ಬಹಳ ಹಗುರವಾಗಿ ಕೇಳಿದಳು, ಆದರೆ ಉತ್ತರ ಬರುವವರೆಗೆ ಸೆರಗನ್ನು ಕುತ್ತಿಗೆಯಿಂದ ತೆಗೆಯಲಿಲ್ಲ.

‘ಒಬ್ರೇ ಇರ್ಲಿಲ್ಲೆ ಅಕ್ಕ, ಈ ಹೆಣ್ಣೂ ಇದ್ದಿತಲೆ’ ಎಂದಳು ಅಂಗಡಿಯವಳು, ಲಿಂಬೆಹುಳಿ ಹಿಂಡುತ್ತಲೇ ಗಲ್ಲದಿಂದ ನನ್ನನ್ನು ತೋರಿಸಿ. ‘ಹಿಂದೆ, ಇನ್ನೊಂದ್ ಸೈಕಲ್ಲಗೆ.’

ಆಕ್ಷೇಪಣೆಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲಿ ಸಾಲಾಗಿ ಬಂದು ನಿಂತವು. ಅವುಗಳಲ್ಲಿ ಅತ್ಯಂತ ಹರಿತವಾದದ್ದನ್ನು ಆರಿಸಿದೆ. ಸುಳ್ಳು ಸಾಕ್ಷಿ ಬೀಳುವುದು ವಿವರದಲ್ಲಿ. ಆ ಹೆಣ್ಣು ಸೈಕಲ್ಲನ್ನು ಹೇಗೆ ಬಿಡುತ್ತಿತ್ತು ಎಂದು ಕೇಳಿದೆ. ಅಂಗಡಿಯವಳು ಕೈ ನಿಲ್ಲಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

‘ಸೈಕಲ್ ಲಾಯ್ಕ್ ಬಿಡ್ತಿದ್ದಿತ್’ ಎಂದಳು. ‘ಬಾಯ್ ಮಾತ್ರ ಬಿಡ್ಲಿಲ್ಲೆ. ಅಮ್ಮ ಹೇಳದ್ದೆಲ್ಲ ಕಿವಿ ಕೊಟ್ಟ್ ಕೇಂತಾ ಕೂತಿದ್ದಿತ್.’

ಅಮ್ಮ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ನಾನು ಕೂತೆ. ಶರಬತ್ತು ಬಂತು. ಅಮ್ಮ ಒಂದು ಗುಟುಕು ಕುಡಿದು, ಲೋಟವನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಕಡೆ ನೋಡುತ್ತ ಹೇಳತೊಡಗಿದಳು.

‘ಕಿರಿಮಂಜೇಶ್ವರ ದಾಟಿದ್ ಮೇಲೆ ಗಾಳಿ ಎದ್ರೇ ಇದ್ದಿತ್, ಅಲ್ದಾ?’

ನಾನು ಬಾಯಿ ಬಿಡಲಿಲ್ಲ.